ಬರೆದಿಟ್ಟುಕೊಂಡ ಶನಿವಾರಗಳು

ಮನೆಗೆ ಬೀಗ ಹಾಕಿ, ಗೇಟು ಎಳೆದು, ಸಂಪಿಗೆ ರಸ್ತೆಯ ತಿರುವಿನಲ್ಲಿ ಹೂವು ಮಾರುವಾಕೆಯವರೆಗೆ ನಡೆದ ಮೇಲೆ, ಬೀಗ ಹಾಕಿದೆನೋ ಇಲ್ಲವೋ ಎಂಬ ಅನುಮಾನ ನಿಮ್ಮನ್ನೂ ಎಂದಾದರೂ ಹಿಡಿದು ನಿಲ್ಲಿಸಿರಬಹುದು. ನಿಲ್ಲಿಸಿದ್ದರೆ ಅಷ್ಟರಮಟ್ಟಿಗೆ ನಾವಿಬ್ಬರೂ ಸ್ನೇಹಿತರು. ವ್ಯತ್ಯಾಸ ಇಷ್ಟೇ: ನೀವು ಹಾಕಿಯೇ ಇರುತ್ತೇನೆ ಎಂದುಕೊಂಡು ಮುಂದೆ ಹೋಗುತ್ತೀರಿ, ನಾನು ಹಿಂದಿರುಗುತ್ತೇನೆ. ಹಿಂದಿರುಗಿ, ಬೀಗವನ್ನು ಎರಡು ಸಲ ಜಗ್ಗಿ ನೋಡಿ, ಮತ್ತೆ ಹೂವಿನಾಕೆಯವರೆಗೆ ಬಂದು, ಜಗ್ಗಿದ್ದು ಈಗಲೋ ಅಥವಾ ನಿನ್ನೆ ಜಗ್ಗಿದ್ದು ಈಗಿನದೆಂಬಂತೆ ನೆನಪಾಗುತ್ತಿದೆಯೋ ಎಂದು ಯೋಚಿಸುತ್ತ ನಿಲ್ಲುತ್ತೇನೆ. "ಬೀಗ ಬಿದ್ದಿದೆ, ಹೋಗಿ ಸಾರ್, ನಾನೇ ನೋಡ್ದೆ" ಎಂದು ಆಕೆ ಮಾಲೆಯಿಂದ ಕಣ್ಣೆತ್ತದೆ ಹೇಳುತ್ತಾಳೆ. ಆಕೆ ಕೂರುವ ಜಾಗದಿಂದ ನನ್ನ ಮನೆ ಕಾಣುವುದಿಲ್ಲ.

ಇದನ್ನು ರೋಗವೆಂದು ನಾನು ಬಹುಕಾಲ ಒಪ್ಪಿರಲಿಲ್ಲ, ವಿದ್ಯೆಯೆಂದೇ ತಿಳಿದಿದ್ದೆ. ವಿಶ್ವವಿದ್ಯಾಲಯದಲ್ಲಿ ತರ್ಕಶಾಸ್ತ್ರ ಓದುವಾಗ ನಮ್ಮ ಗುರುಗಳು ಮೊದಲ ವಾರವೇ ತಲೆಗೆ ತುಂಬಿದ್ದ ಮಾತು, ಸಾಕ್ಷಿಗಳಲ್ಲೆಲ್ಲ ಅತ್ಯಂತ ದುರ್ಬಲವಾದದ್ದು ನೆನಪು ಎಂದು. ಹಾಗೆಂದು ಅವರು ಹೇಳಿದರೆಂಬುದಕ್ಕೂ ನನ್ನಲ್ಲಿ ನೆನಪೊಂದನ್ನು ಬಿಟ್ಟರೆ ಬೇರೆ ಸಾಕ್ಷಿಯಿಲ್ಲ. ಆದರೂ ಆ ಮಾತನ್ನು ನಂಬಿ ಕಾಲೇಜೊಂದರಲ್ಲಿ ಮೂವತ್ತು ವರ್ಷ ಅದನ್ನೇ ಪಾಠ ಹೇಳಿದೆ. ಮನೆಯಲ್ಲಿ ಹೆಂಡತಿಗೂ ಅದನ್ನೇ ಹೇಳಿದೆ. ಪಾಠಕ್ಕೆ ಸಂಬಳ ಬಂತು.

ವಸುಧಾ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದಳು. ಚಾಮರಾಜಪೇಟೆಯ ಹುಡುಗಿ, ನಿವೃತ್ತ ಹೆಡ್‌ಮಾಸ್ಟರರ ಒಬ್ಬಳೇ ಮಗಳು. ಹೊಸದರಲ್ಲಿ ನನ್ನ ಅನುಮಾನಗಳು ಅವಳಿಗೆ ತಮಾಷೆಯಾಗಿದ್ದವು. ಹಾಲು ಉಕ್ಕಿದ್ದನ್ನು ನೋಡಿದೆನೆಂದರೆ ಇವರು ಸಾಕ್ಷಿ ಕೇಳ್ತಾರೆ ಎಂದು ಗೆಳತಿಯರೆದುರು ನಗುತ್ತಿದ್ದಳು. ಬಸ್ಸು ತಡವಾಯಿತೆಂದರೆ ಯಾವ ನಂಬರಿನ ಬಸ್ಸು ಎಂದು ನಾನು ಕೇಳುತ್ತಿದ್ದದ್ದು ಅನುಮಾನಪಟ್ಟಲ್ಲ, ಕೇವಲ ಕುತೂಹಲದಿಂದ. ಹಾಗೆಂದು ಇವತ್ತೂ ವಾದಿಸಬಲ್ಲೆ, ಗೆಲ್ಲಲಾರೆ. ಒಂದು ದಿನ ಅವಳು ಚಪಾತಿ ಲಟ್ಟಿಸುತ್ತ, ಧ್ವನಿಯನ್ನೇನೂ ಏರಿಸದೆ, "ನಿಮ್ಮ ಜೊತೆ ಇರೋದು ದಿನಾ ಪರೀಕ್ಷೆಗೆ ಕೂತ ಹಾಗಿರುತ್ತೆ ಕಣ್ರೀ. ಪಾಸಾದ್ರೂ ಖುಷಿ ಇಲ್ಲ" ಎಂದಳು. ಅದಾಗಿ ಮೂರು ತಿಂಗಳಿಗೆ, ಆರು ವರ್ಷದ ಮಗಳು ಚಿನ್ಮಯಿಯನ್ನು ಕರೆದುಕೊಂಡು ಚಾಮರಾಜಪೇಟೆಗೆ ಹೋದಳು. ಅದು ತೊಂಬತ್ತರ ದಶಕದ ನಡುವಿನ ಮಾತು. ನಾನು ಹೊಡೆದವನಲ್ಲ, ಕುಡಿಯುವವನಲ್ಲ, ಇನ್ನೊಂದು ಮನೆ ಮಾಡಿದವನಲ್ಲ. ಇಂಥ ಗಂಡನನ್ನು ಬಿಟ್ಟು ಹೋದವಳಿಗೆ ಮಗುವನ್ನು ಕೊಡುವ ನ್ಯಾಯಾಲಯ ಎಲ್ಲಿದೆ ಎಂಬುದು ನನ್ನ ಧೈರ್ಯವಾಗಿತ್ತು. ಮಗಳನ್ನು ನನ್ನ ವಶಕ್ಕೆ ಕೊಡಬೇಕೆಂದು ಅರ್ಜಿ ಹಾಕಿದೆ.

ನನ್ನ ವಕೀಲರು ನಂಜುಂಡಪ್ಪನವರು. ಉಪ್ಪಾರಪೇಟೆಯಲ್ಲಿ ಲಾಡ್ಜೊಂದರ ಮೇಲಿನ ಮಹಡಿಯಲ್ಲಿ ಅವರ ಕಚೇರಿ. ಕೆಳಗೆ ಸೂಟ್‌ಕೇಸು ಹಿಡಿದವರು ರೂಮಿಗೆ ಚೌಕಾಸಿ ಮಾಡುತ್ತಿರುವಾಗ, ಮೇಲೆ ನಾವು ಸಂಸಾರ ಮುರಿದವರು ಬೆಂಚಿನ ಮೇಲೆ ಸಾಲಾಗಿ ಕೂತಿರುತ್ತಿದ್ದೆವು. ಅರ್ಜಿ ದಾಖಲಾದ ಮೇಲೆ ಒಂದು ದಿನ ಅವರು ಹೇಳಿದ್ದು ಕಿವಿಯಲ್ಲಿ ಈಗಲೂ ಇದೆ: "ನೋಡಿ ಮೇಷ್ಟ್ರೇ, ಗಂಡ ಹೆಂಡ್ತಿ ಜಗಳದಲ್ಲಿ ಯಾರು ಸರಿ ಅಂತ ಈ ಕೋರ್ಟು ನೋಡಲ್ಲ. ಮಗೂಗೆ ಯಾರ ಹತ್ರ ಒಳ್ಳೇದು ಅಂತ ನೋಡುತ್ತೆ. ಅಪ್ಪ ಅಮ್ಮನ ನಡತೆ ನೋಡುತ್ತೆ. ಶನಿವಾರ ಮಗು ಜೊತೆ ಇರ್ತೀರಲ್ಲ, ಎಲ್ಲಾ ಬರ್ದಿಡಿ. ತಾರೀಖು, ಟೈಮು ಸಮೇತ." ಪ್ರಕರಣ ಮುಗಿಯುವ ತನಕ ಪ್ರತಿ ಶನಿವಾರ ನಾಲ್ಕರಿಂದ ಏಳರವರೆಗೆ ಮಗುವನ್ನು ನನ್ನೊಡನೆ ಕಳಿಸಬೇಕೆಂದು ನ್ಯಾಯಾಲಯ ಆಗಲೇ ಹೇಳಿತ್ತು.

ನಡತೆ ಎಂಬ ಪದವನ್ನು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದು ನೋಡಿ. ಶಾಲೆ, ಕಾಲೇಜು ಬಿಡುವಾಗ ಕೊಡುವ ವರ್ಗಾವಣೆ ಪತ್ರದಲ್ಲಿ ಅದಕ್ಕೊಂದು ಕಲಂ ಇರುತ್ತದೆ. ಅದರೆದುರು ‘ಉತ್ತಮ’ ಎಂದೋ ‘ತೃಪ್ತಿಕರ’ ಎಂದೋ ಬರೆದು, ಮುಖ ನೆನಪಿಲ್ಲದ ಸಾವಿರಾರು ವಿದ್ಯಾರ್ಥಿಗಳ ಪತ್ರಗಳಿಗೆ ನಾನು ರುಜು ಹಾಕಿದ್ದೇನೆ. ಯಾರ ನಡತೆಯನ್ನೂ ನೋಡಿರಲಿಲ್ಲ. ನಡತೆಯೆಂದರೆ ಕೆಟ್ಟದ್ದೇನನ್ನೂ ಮಾಡದಿರುವುದು, ಅಥವಾ ಮಾಡಿ ಸಿಕ್ಕಿಬೀಳದಿರುವುದು ಎಂದಷ್ಟೇ ನಮ್ಮಂಥವರ ತಿಳುವಳಿಕೆ. ಆ ಲೆಕ್ಕದಲ್ಲಿ ನನ್ನ ಕಲಂ ಆಗಲೇ ಭರ್ತಿಯಾಗಿತ್ತು. ಖಾಲಿ ಉಳಿದದ್ದು ವಸುಧಾಳದು. ಅದನ್ನು ತುಂಬುವುದಕ್ಕೆ ನಾನು ಇನ್ನೂರು ಪುಟದ ಒಂದು ನೋಟುಪುಸ್ತಕ ಕೊಂಡೆ, ರಟ್ಟು ಹಾಕಿಸಿದೆ, ಪ್ರತಿ ಪುಟಕ್ಕೂ ಅಂಚು ಗೆರೆ ಎಳೆದೆ.

ಶನಿವಾರಗಳು ಹೀಗೆ ನಡೆಯುತ್ತಿದ್ದವು. ನಾಲ್ಕು ಗಂಟೆಗೆ ಚಾಮರಾಜಪೇಟೆಯ ಆ ಮನೆಯ ಮೆಟ್ಟಿಲ ಕೆಳಗೆ ನಿಲ್ಲುತ್ತಿದ್ದೆ. ಮಾವನವರು ಮಗುವಿನ ಕೈ ಹಿಡಿದು ಇಳಿದು ಬಂದು, "ಏಳಕ್ಕೆ" ಎಂಬ ಒಂದೇ ಪದ ಹೇಳಿ ಒಳಗೆ ಹೋಗುತ್ತಿದ್ದರು. ಚಿನ್ಮಯಿಗೆ ಮಸಾಲೆ ದೋಸೆ ಕೊಡಿಸಿ, ಅವಳು ಗರಿಗರಿ ಅಂಚನ್ನು ಮುರಿಯುತ್ತಿರುವಾಗ, ಏನೂ ಅಲ್ಲವೆಂಬಂತೆ ಆರಂಭಿಸುತ್ತಿದ್ದೆ. ನಿನ್ನೆ ಅಮ್ಮ ಎಷ್ಟು ಹೊತ್ತಿಗೆ ಬಂದರು? ಬರುವವರೆಗೆ ನೀನು ಎಲ್ಲಿದ್ದೆ? ಪಕ್ಕದ ಮನೆಯಲ್ಲಾ? ಅಲ್ಲಿ ಯಾರಿದ್ದರು? ಹೋಮ್‌ವರ್ಕ್ ಯಾರು ಮಾಡಿಸಿದರು? ಅಮ್ಮ ಬೈದರಾ? ಯಾಕೆ ಬೈದರು? ಮೊದಲಿಗೆ ಅವಳು ಗೊತ್ತಿಲ್ಲ, ಮರೆತೆ ಎನ್ನುತ್ತಿದ್ದಳು. ಮರೆಯುವುದು ತಪ್ಪೆಂದು ಅವಳಿಗೆ ಕಲಿಸಿದೆ. ಕೆಲವೇ ವಾರಗಳಲ್ಲಿ ಅವಳು ಎಷ್ಟು ಚೆನ್ನಾಗಿ ಕಲಿತಳೆಂದರೆ, ಕೇಳುವ ಮೊದಲೇ ಗಂಟೆ ಸಮೇತ ಹೇಳಿ, ನಾನು ಬರೆಯುವುದು ಮುಗಿಯುವವರೆಗೆ ಲೋಟ ಹಿಡಿದು ಕಾಯುತ್ತಿದ್ದಳು. "ಇದನ್ನೂ ಬರ್ಕೋ ಅಪ್ಪ. ಅಮ್ಮ ನನ್ನ ಬಿಟ್ಟು ಸಿನಿಮಾಗೆ ಹೋಗಿದ್ರು. ಎಂಟು ಗಂಟೆಗೆ ಬಂದ್ರು. ನಂಗೆ ಹಸಿವಾಗಿತ್ತು." ನಾನು ಬರೆದುಕೊಂಡೆ. ಇಷ್ಟು ಚಿಕ್ಕ ವಯಸ್ಸಿನಲ್ಲಿ ವಿವರಗಳ ಬಗ್ಗೆ ಎಂಥ ಶ್ರದ್ಧೆ, ಎಲ್ಲ ನನ್ನ ಹಾಗೆಯೇ, ಎಂದು ಬೀಗಿದೆ.

ನಂಜುಂಡಪ್ಪನವರಿಗೆ ಪುಸ್ತಕ ಒಪ್ಪಿಸಿದಾಗ ಅವರು ಅತ್ತಿತ್ತ ತಿರುವಿ, "ಇದೇನ್ ಮೇಷ್ಟ್ರೇ, ಡಾಕ್ಟರೇಟಿಗೆ ಹಾಕ್ಕೊಳ್ಳೋ ಹಾಗಿದೆಯಲ್ಲ" ಎಂದು ನಕ್ಕರು. ಓದಿದರೋ ಇಲ್ಲವೋ ತಿಳಿಯದು. ಬೆಂಚಿನ ಮೇಲೆ ಇನ್ನೂ ಆರು ಜನ ಕೂತಿದ್ದರು.

ಆ ಪುಸ್ತಕದಲ್ಲಿ ದಸರೆಯ ಒಂದು ಶನಿವಾರವಿತ್ತು. ಚಾಮರಾಜಪೇಟೆ, ಬಸವನಗುಡಿಗಳ ಹಳೆಯ ಬೀದಿಗಳಲ್ಲಿ ಬೆಳೆದವರಿಗೆ ಹೇಳಬೇಕಾಗಿಲ್ಲ, ಆ ದಿನಗಳಲ್ಲಿ ಸಂಜೆಯಾದರೆ ಮಕ್ಕಳು ಕೈಯಲ್ಲೊಂದು ಪುಟ್ಟ ಡಬ್ಬಿ ಹಿಡಿದು, ಪರಿಚಯವಿರಲಿ ಇಲ್ಲದಿರಲಿ, ಬಾಗಿಲು ತೆರೆದ ಮನೆಗಳ ಮುಂದೆಲ್ಲ ನಿಂತು "ಗೊಂಬೆ ಕೂರ್ಸಿದೀರಾ?" ಎಂದು ಕೂಗುತ್ತಿದ್ದರು. ಕೂರಿಸಿದ್ದರೆ ಒಳಗೆ ನುಗ್ಗಿ, ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಪಟ್ಟದ ಗೊಂಬೆಗಳನ್ನೂ, ಅಕ್ಕಿ ಬೇಳೆ ಹರಡಿಕೊಂಡು ಕೂತ ಗೊಂಬೆ ಶೆಟ್ಟಿಯ ಅಂಗಡಿಯನ್ನೂ ಬಾಯಿ ತೆರೆದು ನೋಡಿ, ಹಾಡು ಹೇಳು ಎಂದರೆ ಅರ್ಧ ಹಾಡು ಹೇಳಿ, ಡಬ್ಬಿಗೆ ಚರ್ಪು ಹಾಕಿಸಿಕೊಂಡು ಮುಂದಿನ ಮನೆಗೆ ಓಡುವುದು. ಕಡಲೆಕಾಳಿನ ಉಸಲಿಯೋ, ಕೊಬ್ಬರಿ ಮಿಠಾಯಿಯೋ, ಆಯಾ ಮನೆಯ ಶಕ್ತಿ ಇದ್ದಷ್ಟು. ಚಿನ್ಮಯಿ ಆ ಶನಿವಾರ ರೇಷ್ಮೆ ಲಂಗ ಉಟ್ಟು, ಮುಚ್ಚಳಕ್ಕೆ ದಾರ ಕಟ್ಟಿದ ಡಬ್ಬಿ ಹಿಡಿದು, ಮೆಟ್ಟಿಲ ಮೇಲೆ ನನಗಾಗಿಯೇ ಕಾಯುತ್ತ ನಿಂತಿದ್ದಳು. ಲಂಗ ಹಸಿರೋ ಕೆಂಪೋ ಹೇಳಲಾರೆ. ಪುಸ್ತಕದಲ್ಲಿ ಅದಿಲ್ಲ.

ಪುಸ್ತಕದಲ್ಲಿರುವುದು ಹನ್ನೊಂದು ಸಾಲು. ನಾಲ್ಕು ಹತ್ತಕ್ಕೆ, ಅಮ್ಮ ಬೆಳಗ್ಗೆಯಿಂದ ಮನೆಯಲ್ಲಿಲ್ಲವೆಂದಳು. ನಾಲ್ಕು ಮೂವತ್ತೈದಕ್ಕೆ, ಲಂಗ ಉಡಿಸಿದ್ದು ಅಜ್ಜಿಯೆಂದಳು. ಐದು ಇಪ್ಪತ್ತಕ್ಕೆ, ಅಮ್ಮ ನಿನ್ನೆ ತಲೆ ಬಾಚುವಾಗ ಹೊಡೆದರೆಂದಳು. ಹೀಗೆ ಆರು ನಲವತ್ತರವರೆಗೆ.

ವಿಚಾರಣೆಯ ದಿನ ನ್ಯಾಯಾಧೀಶರ ಮುಂದೆ ಆ ಪುಸ್ತಕವಿತ್ತು. ಅವರು ಐವತ್ತರ ಆಸುಪಾಸಿನ ಹೆಂಗಸು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಓದುವ ಅಭ್ಯಾಸ. ಮಗುವಿನೊಡನೆ ಅವರು ಹಿಂದಿನ ವಾರವೇ ತಮ್ಮ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಾತಾಡಿದ್ದರು. ಏನು ಮಾತಾಡಿದರೆಂದು ನಮಗೆ ಯಾರಿಗೂ ಹೇಳಿರಲಿಲ್ಲ. ದಸರೆಯ ಪುಟಕ್ಕೆ ಬಂದವರು ಅಲ್ಲೇ ಬೆರಳಿಟ್ಟು ಕೇಳಿದರು:

"ಅವತ್ತು ಮಗು ಎಷ್ಟು ಮನೆ ಗೊಂಬೆ ನೋಡ್ತು?"

ಸರಳವಾದ ಪ್ರಶ್ನೆ. ನಾನು ಪುಸ್ತಕದ ಕಡೆ ನೋಡಿದೆ, ಅದು ಅವರ ಕೈಯಲ್ಲಿತ್ತು.

"ಬರ್ದಿಲ್ಲ" ಎಂದೆ.

"ಬರ್ದಿಲ್ಲ ಅಂತ ನಂಗೂ ಕಾಣ್ತಿದೆ. ನೀವು ಜೊತೇಲಿದ್ರಲ್ಲ, ನೆನಪಿದ್ದದ್ದು ಹೇಳಿ."

ನನಗೆ ಒಂದು ಮನೆ ನೆನಪಾಯಿತು. ಮರದ ಕಂಬದ ಹಜಾರ, ಕೆಳಗಿನ ಮೆಟ್ಟಿಲಲ್ಲಿ ಕಿವಿ ಮುರಿದ ಮಣ್ಣಿನ ಆನೆ, ಉಸಲಿ ಹಾಕುವ ಮುದುಕಿಯ ಕೈಬಳೆ. ಹೇಳಲು ಬಾಯಿ ತೆರೆದೆ. ಆ ಮುದುಕಿ ನಾನು ಮೂರನೆಯ ಕ್ಲಾಸಿನಲ್ಲಿದ್ದಾಗಲೇ ತೀರಿಹೋದವಳೆಂದು ಅಷ್ಟರಲ್ಲಿ ಹೊಳೆಯಿತು. ಅದು ನನ್ನ ಡಬ್ಬಿ, ನನ್ನ ದಸರೆ. ಮಗಳದ್ದನ್ನು ಎಷ್ಟು ತಡಕಿದರೂ, ಬೀದಿದೀಪದ ಕಂಬಕ್ಕೆ ಒರಗಿ ಪುಸ್ತಕವನ್ನು ಮುಂಗೈ ಮೇಲಿಟ್ಟು ಬರೆಯುತ್ತಿರುವ ನನ್ನದೇ ಕೈ ಕಾಣುತ್ತಿತ್ತು. ಮುಚ್ಚಿದ ಡಬ್ಬಿ ಹಿಡಿದ ಒಂದು ಮಗು ಪಕ್ಕದಲ್ಲಿ ನಿಂತಿದ್ದಿರಬೇಕು.

ಆಮೇಲೆ ವಸುಧಾಳನ್ನು ಕೇಳಿದರು, ಇವರ ಬಗ್ಗೆ ಏನು ಹೇಳುತ್ತೀರಿ ಎಂದು. ಅವಳು ಸೆರಗು ಸರಿಮಾಡಿಕೊಂಡು, "ಒಳ್ಳೇ ಮೇಷ್ಟ್ರು. ಮಗೂಗೆ ಕಥೆ ಚೆನ್ನಾಗಿ ಹೇಳ್ತಿದ್ರು. ಶನಿವಾರ ಬಂದ್ರೆ ಅವಳಿಗೆ ಬೆಳಗ್ಗೆಯಿಂದ್ಲೇ ಸಂಭ್ರಮ, ಅದನ್ನ ತಪ್ಪಿಸ್ಬೇಡಿ ಮೇಡಂ" ಎಂದಳು. ಅಷ್ಟೇ. ನನ್ನ ಎಪ್ಪತ್ತು ಚಿಲ್ಲರೆ ಪುಟಗಳನ್ನು ಆ ಮೂರು ವಾಕ್ಯಗಳು ಮುಗಿಸಿದವು. ಅದು ಅವಳ ಮನಸ್ಸಿನ ಮಾತೋ, ಅವಳ ವಕೀಲರು ಬಾಯಿಪಾಠ ಮಾಡಿಸಿದ್ದೋ ಎಂದು ನಾನು ಹತ್ತು ವರ್ಷ ತಲೆ ಕೆಡಿಸಿಕೊಂಡೆ. ಕೊನೆಗೆ ಒಂದು ತೀರ್ಮಾನಕ್ಕೆ ಬಂದಿದ್ದೇನೆ: ಹೇಳಿಕೊಟ್ಟಿದ್ದರೂ ಇರಬಹುದು. ಆದರೆ ಆ ಮೂರು ವಾಕ್ಯಗಳನ್ನು ನನಗೆ ಯಾರಾದರೂ ಹೇಳಿಕೊಟ್ಟಿದ್ದರೆ ನಾನು ಹೇಳುತ್ತಿರಲಿಲ್ಲ.

ಆದೇಶ ಬಂತು. ಮಗು ತಾಯಿಯ ಬಳಿಯೇ ಇರತಕ್ಕದ್ದು. ತಂದೆ ತನಗೆ ಕೊಟ್ಟ ಸಮಯವನ್ನು ಮಗುವನ್ನು ತಾಯಿಯ ವಿರುದ್ಧ ಸಾಕ್ಷಿಯಾಗಿ ಸಿದ್ಧಪಡಿಸಲು ಬಳಸಿದ್ದಾನೆ. ಇದಕ್ಕೆ ಬೇರೆ ಆಧಾರ ಬೇಕಾಗಿಲ್ಲ, ಅವನೇ ಹಾಜರುಪಡಿಸಿದ ಪುಸ್ತಕ ಸಾಕು. ಇನ್ನು ಮುಂದೆ ಪ್ರತಿ ತಿಂಗಳ ಎರಡನೆಯ ಭಾನುವಾರ ಎರಡು ಗಂಟೆ ಕಾಲ, ತಾಯಿಯ ಮನೆಯಲ್ಲಿ, ಹಿರಿಯರೊಬ್ಬರ ಎದುರಿನಲ್ಲಿ ಭೇಟಿ. ತಾಯಿಯ ವಿಷಯವಾಗಿ ಮಗುವನ್ನು ಏನೂ ಕೇಳಕೂಡದು. ಜೀವಮಾನವೆಲ್ಲ ಪುರಾವೆ ಪುರಾವೆ ಎಂದವನಿಗೆ ಪುರಾವೆ ಸಿಕ್ಕಿತು, ಸ್ವಹಸ್ತಾಕ್ಷರದಲ್ಲಿ, ವೇಳೆ ಸಮೇತ.

ಮೆಟ್ಟಿಲಿಳಿಯುತ್ತ ನಂಜುಂಡಪ್ಪನವರ ಮೇಲೆ ಹರಿಹಾಯ್ದೆ. ಬರೆದಿಡಿ ಎಂದವರು ನೀವಲ್ಲವೇ ಎಂದೆ. ಅವರು ಕರಿಕೋಟನ್ನು ಮಡಿಸಿ ತೋಳಿಗೆ ಹಾಕಿಕೊಂಡು ಶಾಂತವಾಗಿ ಹೇಳಿದರು: "ನೀವು ಮಗೂಗೆ ಏನೇನ್ ಮಾಡ್ತೀರಿ ಅದನ್ನ ಬರೀರಿ ಅಂದೆ ಸ್ವಾಮಿ. ಪಾರ್ಕಿಗೆ ಹೋದ್ರಿ, ಬಣ್ಣದ ಪೆನ್ಸಿಲ್ ಕೊಡಿಸಿದ್ರಿ, ಜ್ವರ ಬಂದಾಗ ಡಾಕ್ಟ್ರ ಹತ್ರ ಹೋದ್ರಿ, ಆ ಥರ. ಆಯಮ್ಮಂದ್ ಬರೀರಿ ಅಂತ ನಾನ್ಯಾಕ್ ಹೇಳ್ಲಿ? ಬೆಂಚಿನ ಮೇಲ್ ಕೂತೋರ್ಗೆಲ್ಲಾ ನಾನು ಹೇಳೋದು ಅದೇ ಮಾತು." ಮೇಲೆ ನಿಮಗೆ ತಿಳಿಸಿದ ಅವರ ಆ ದಿನದ ಮಾತು ನನ್ನ ನೆನಪಿನದು. ಅದರಲ್ಲಿ ‘ಎಲ್ಲಾ ಬರ್ದಿಡಿ’ ಎಂದಿದೆ. ಅವರು ಹೀಗೆ ಹೇಳಿದರೋ ಹಾಗೆ ಹೇಳಿದರೋ ನೋಡಿಬಿಡೋಣವೆಂದರೆ, ಆ ಮಾತುಕತೆಯೊಂದನ್ನು ನಾನು ಬರೆದಿಟ್ಟುಕೊಂಡಿರಲಿಲ್ಲ. ಪುಸ್ತಕ ಕೊಂಡದ್ದು ಮರುದಿನ.

ಎರಡನೆಯ ಭಾನುವಾರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಜಾರದಲ್ಲಿ ಬೆತ್ತದ ಕುರ್ಚಿ ನನಗೆ, ಎದುರು ದಿವಾನದ ಮೇಲೆ ಅವಳು, ಕಿಟಕಿಯ ಪಕ್ಕ ಪತ್ರಿಕೆ ಹಿಡಿದ ಮಾವನವರು. "ಬನ್ನಿ. ಕಾಫಿ ಆಗ್ಬಹುದಾ?" ಎನ್ನುತ್ತಿದ್ದರು. ಆಮೇಲೆ ಎರಡು ಗಂಟೆಯಲ್ಲಿ ಅವರು ಪುಟ ಮಗುಚುವ ಸದ್ದೇ ಹೆಚ್ಚು. ಅಮ್ಮನ ವಿಷಯ ಕೇಳಕೂಡದೆಂದ ಮೇಲೆ ಮಗಳೊಡನೆ ಮಾತಾಡಲು ನನಗೆ ಬೇರೆ ಮಾತೇ ಗೊತ್ತಿಲ್ಲವೆಂಬುದು ಮೊದಲ ಭಾನುವಾರವೇ ತಿಳಿದುಹೋಯಿತು. ಸ್ಕೂಲು ಹೇಗಿದೆ ಎಂದೆ, ಚೆನ್ನಾಗಿದೆ ಎಂದಳು. ಎಷ್ಟು ಮಾರ್ಕ್ಸು ಎಂದೆ, ಹೇಳಿದಳು. ಅವಳಿಗೆ ಆ ವಯಸ್ಸಿನಲ್ಲಿ ಯಾವ ಬಣ್ಣ ಇಷ್ಟ, ಯಾರೊಡನೆ ಟೂ ಬಿಟ್ಟಿದ್ದಾಳೆ, ಕತ್ತಲೆಗೆ ಹೆದರುತ್ತಾಳೋ ಇಲ್ಲವೋ, ಕೇಳಬಹುದಾಗಿತ್ತು. ಯಾವ ಆದೇಶವೂ ತಡೆದಿರಲಿಲ್ಲ. ಆದರೆ ಪ್ರಶ್ನೆಯೆಂಬುದೇ ನನ್ನ ಬಾಯಿಂದ ಹೊರಟರೆ ಅವಳ ಬೆನ್ನು ನೆಟ್ಟಗಾಗುತ್ತಿತ್ತು, ಕಣ್ಣು ತಾತನ ಕಡೆ ಹೋಗುತ್ತಿತ್ತು. ಯಾವ ವರ್ಷದಿಂದಲೋ ಅವಳು ನನ್ನನ್ನು ಏಕವಚನ ಬಿಟ್ಟು ‘ನೀವು’ ಎನ್ನತೊಡಗಿದ್ದಳು. ಗೌರವವೆಂದು ಮೊದಲು ಸಂತೋಷಪಟ್ಟೆ.

ಹೀಗೆ ಹನ್ನೊಂದು ವರ್ಷ. ಅವಳಿಗೆ ಹದಿನೆಂಟು ತುಂಬಿತು, ಆದೇಶದ ಅವಧಿ ಮುಗಿಯಿತು, ಕಾನೂನು ಕೈ ತೊಳೆದುಕೊಂಡಿತು. ಅದಾದ ಕೆಲವು ವಾರಗಳಿಗೆ, ಹೇಳದೆ ಕೇಳದೆ, ಒಂದು ಮಧ್ಯಾಹ್ನ ಅವಳು ಮಲ್ಲೇಶ್ವರದ ನನ್ನ ಮನೆಗೆ ತಾನಾಗಿ ಬಂದಳು. ಕಾಲೇಜು ಸೇರಿದ್ದಳು, ಕೂದಲು ಕತ್ತರಿಸಿದ್ದಳು, ಬಾಗಿಲಲ್ಲಿ ನಿಂತಾಗ ನನಗೆ ಅರೆಕ್ಷಣ ಗುರುತು ಸಿಗಲಿಲ್ಲ. ಅಡುಗೆಮನೆಗೆ ಹೋಗಿ ತಾನೇ ಕಾಫಿ ಬೆರೆಸಿದಳು, ಸಕ್ಕರೆ ಡಬ್ಬಿಯ ಮೇಲೆ ನಾನು ಅಂಟಿಸಿದ್ದ ಚೀಟಿ ಓದಿ ನಕ್ಕಳು, ಪುಸ್ತಕದ ಕಪಾಟಿನ ಮುಂದೆ ನಿಂತು ಎರಡು ಪುಸ್ತಕ ಕೇಳಿದಳು. ಕಿಟಕಿಯ ಹತ್ತಿರ ಕೂತು ಒಂದು ಗಂಟೆ ಮಾತಾಡಿದೆವು. ಅದು ಏನು ಮಾತೆಂದು ಕೇಳಿದರೆ ಹೇಳಲಾರೆ, ಯಾವುದೂ ಮುಖ್ಯವಾದದ್ದಲ್ಲ. ಪ್ರಾಯಶಃ ನನ್ನ ಬದುಕಿನಲ್ಲಿ ಯಾವುದನ್ನೂ ಪರೀಕ್ಷಿಸದೆ ಕಳೆದ ಒಂದೇ ಗಂಟೆ ಅದು.

ಆಮೇಲೆ ಅವಳು ಲೋಟದ ತಳ ನೋಡುತ್ತ, "ನಿಮಗೊಂದು ವಿಷ್ಯ ಹೇಳ್ಬೇಕು ಅಂತಾನೇ ಬಂದೆ" ಎಂದಳು. "ಆವಾಗ ಶನಿವಾರ ಶನಿವಾರ ಹೇಳ್ತಿದ್ನಲ್ಲ, ಅಮ್ಮ ಬೈದ್ರು, ಸಿನಿಮಾಗ್ ಹೋದ್ರು ಅಂತ. ಅದೆಲ್ಲ ಸುಳ್ಳು ಅಪ್ಪ. ನಾನೇ ಕಟ್ಟಿ ಹೇಳ್ತಿದ್ದೆ. ಬರ್ಕೊಳ್ಳೋವಾಗ ನೀವು ಖುಷಿಯಾಗಿರ್ತಿದ್ರಿ. ಏನೂ ಇಲ್ಲ ಅಂದ್ರೆ ಸುಮ್ನಾಗ್ಬಿಡ್ತಿದ್ರಿ. ನಂಗೆ ನೀವು ಖುಷಿಯಾಗಿರೋದು ಬೇಕಿತ್ತು. ಜಡ್ಜ್ ಮೇಡಂ ರೂಮಲ್ಲಿ ಕೇಳ್ದಾಗ ಅಳು ಬಂತು, ಹೇಳ್ಬಿಟ್ಟೆ. ನನ್ನಿಂದ್ಲೇ ನೀವು ಸೋತ್ರಿ ಅಂತ ಇಷ್ಟು ವರ್ಷ..."

ಸ್ನೇಹಿತರೇ, ಆರು ವರ್ಷದ ಮಗು ಅಪ್ಪನನ್ನು ಸಂತೋಷಪಡಿಸಲು ಅಮ್ಮನ ಮೇಲೆ ಕಥೆ ಕಟ್ಟಿ, ಆ ತಪ್ಪನ್ನು ಹನ್ನೆರಡು ವರ್ಷ ಒಬ್ಬಳೇ ಹೊತ್ತು, ಇಳಿಸಲು ಜಾಗ ಹುಡುಕಿಕೊಂಡು ನನ್ನ ಮನೆಗೆ ಬಂದಿತ್ತು. ನಾನು ಮಾಡಬಹುದಾಗಿದ್ದ ಕೆಲಸಗಳು ಎಷ್ಟೋ ಇದ್ದವು. ನಿನ್ನ ತಪ್ಪಲ್ಲ ಮಗಳೇ ಎನ್ನಬಹುದಿತ್ತು. ಏನೂ ಅನ್ನದೆ ತಲೆ ಸವರಬಹುದಿತ್ತು. ಸುಮ್ಮನೆ ಕೂತಿದ್ದರೂ ಆಗುತ್ತಿತ್ತು.

"ಎಲ್ಲಾನೂ ಸುಳ್ಳಾ? ಯಾವ್ಯಾವ್ದು?" ಎಂದು ನಾನು ಕೇಳಿದೆ.

ಅವಳು ನನ್ನ ಮುಖ ನೋಡಿದಳು. ಸಿಟ್ಟಿರಲಿಲ್ಲ. ಕೇಳಿದ್ದು ನಾನೇ ಎಂದು ಖಚಿತಮಾಡಿಕೊಳ್ಳುವಂತಿತ್ತು. "ನಂಗೆ ನೆನಪಿಲ್ಲ ಅಪ್ಪ" ಎಂದಳು. ಲೋಟ ತೊಳೆದಿಟ್ಟಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ "ಬರ್ತೀನಿ" ಎಂದಳು. ಕೇಳಿದ್ದ ಎರಡು ಪುಸ್ತಕ ಮೇಜಿನ ಮೇಲೆಯೇ ಉಳಿದವು.

ಈಗ ಹಬ್ಬಗಳಿಗೆ ಫೋನು ಮಾಡುತ್ತಾಳೆ. ಊಟ ಆಯಿತಾ, ಬಿಪಿ ಮಾತ್ರೆ ತಗೊಂಡಿರಾ ಎಂದು ಅವಳು ಕೇಳುತ್ತಾಳೆ, ನಾನು ಉತ್ತರ ಹೇಳುತ್ತೇನೆ. ನಾನು ಏನನ್ನೂ ಕೇಳುವುದಿಲ್ಲ, ಅಷ್ಟರಮಟ್ಟಿಗೆ ನಡತೆ ಸುಧಾರಿಸಿದೆ. ಹನ್ನೊಂದು ವರ್ಷ ಆ ಆದೇಶವನ್ನು ಅವಮಾನವೆಂದು ಶಪಿಸಿದ್ದೆ. ತಿಂಗಳಿಗೆ ಎರಡು ಗಂಟೆ ಮಗಳು ಎದುರು ಕೂರಲೇಬೇಕೆಂದು ಸರ್ಕಾರದ ಮೊಹರು ಒತ್ತಿ ಕೊಟ್ಟ ಕಾಗದ ಅದೊಂದೇ ಆಗಿತ್ತೆಂದು ಆಗ ಗೊತ್ತಾಗಲಿಲ್ಲ. ಹದಿನೆಂಟು ದಾಟಿದ ಮಗಳು ಅಪ್ಪನ ಮನೆಗೆ ಬರತಕ್ಕದ್ದು ಎಂದು ಬರೆದುಕೊಡುವ ನ್ಯಾಯಾಲಯ ಎಲ್ಲೂ ಇಲ್ಲ.